ತೆಗೆಯದೇ ಬಿಟ್ಟ ಟಿಕ್ಕು

ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ, ಒಂದು ಹನಿ ಬಿತ್ತು, ಇನ್ನೊಂದು ಈಗ ಬೀಳಬೇಕು ಎಂದು ಕಿವಿ ಕಾಯುತ್ತದೆ, ಬೀಳುವುದಿಲ್ಲ, ಕಾಯುವುದನ್ನು ಬಿಟ್ಟೊಡನೆ ಟಪ್ಪೆಂದು ಬೀಳುತ್ತದೆ, ಅಕ್ಕನಿಗೂ ಕೇಳಿಸಿತು, ಕೇಳಿಸದೆ ಇರುತ್ತದೆಯೇ, ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ ಯಾವಳೋ ಬಕೆಟ್ಟು ಎಳೆದರೆ ಕೆಳಗೆ ವಾರ್ಡನ್ ರೂಮಿನಲ್ಲಿ ಕೂತೇ ಯಾವ ಕೋಣೆ ಎಂದು ಹೇಳುವ ಕಿವಿ ಅದು — ಆ ನಲ್ಲಿ ಇನ್ನೂ ಸರಿ ಆಗ್ಲಿಲ್ವಾ, ನಿನ್ನ ಪ್ಲಂಬರ್ ಹೊತ್ತಿಲ್ಲ ಗೊತ್ತಿಲ್ಲ ಫೋನ್ ಮಾಡ್ತಾನೆ, ಬರೋದು ಮಾತ್ರ ಇಲ್ಲ — ಬರ್ತಾನೆ ಅಕ್ಕ, ಅವನಿಗೂ ಕೆಲಸ ಇರುತ್ತಲ್ಲ, ಎನ್ನುತ್ತಾಳೆ ತಂಗಿ ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, ಮೊದಮೊದಲು ಈ ಸುಳ್ಳು ಹೇಳುವಾಗ ನಾಲಿಗೆ ಒಣಗುತ್ತಿತ್ತು, ಈಗ ಮೈಗೆ ಹತ್ತಿಹೋಗಿದೆ, ಹೇಳುತ್ತಲೇ ಟೈಪೂ ಮಾಡಬಹುದು. ರಜೆಯ ಮಧ್ಯಾಹ್ನ, ತಂಗಿಯ ಎರಡನೇ ಮಹಡಿಯ ಗಾಳಿಯಾಡದ ಮನೆ, ಕಿಟಕಿಯಾಚೆ ಎದುರು ಮನೆಯವರ ಒದ್ದೆ ಬೆಡ್‌ಶೀಟು, ಮೇಜಿನ ಮೇಲೆ ಕೆನೆಗಟ್ಟಿದ ಚಹಾ, ಚಹಾದ ಪಕ್ಕ ಅಕ್ಕನ ಕೈ — ಮೊಣಕೈಯಿಂದ ಬೆರಳಿನ ತುದಿಯವರೆಗೆ ಉದ್ದಕ್ಕೆ ಚಾಚಿ ಅಂಗೈ ಮೇಲು ಮಾಡಿ ಬಿಟ್ಟ ಕೈ, ಏನನ್ನೋ ಇಸಿದುಕೊಳ್ಳಲು ಚಾಚಿದವಳು ಹಾಗೇ ಮರೆತುಬಿಟ್ಟಂತೆ, ಮೌಸಿನ ದಾರಿಗೆ ಸರಿಯಾಗಿ ಅಡ್ಡ. ಸ್ವಲ್ಪ ಸರಿಸು ಅನ್ನಬಹುದು. ಅನ್ನುವುದಿಲ್ಲ.

ಇವತ್ತಾದ್ರೂ ಸೇರಿಸ್ಕೋತಾರಾ ಅವರು — ಅವರು ಎಂದರೆ ಸರ್ಚ್ ಇಂಜಿನ್, ಅಕ್ಕನ ತಲೆಯಲ್ಲಿ ಅದೊಂದು ಆಫೀಸು, ಒಳಗೊಬ್ಬ ಸೊಟ್ಟಮೂತಿಯ ಗುಮಾಸ್ತ, ಅವಳ ಬ್ಲಾಗಿನ ಒಂದೊಂದು ಪೋಸ್ಟನ್ನೂ ಎತ್ತಿ ಮೂಸಿ ಪಕ್ಕಕ್ಕೆ ಒಗೆಯುತ್ತಾನೆ, ಎಂದಾದರೂ ಒಂದು ದಿನ ಅವನ ಮೇಲಧಿಕಾರಿಯನ್ನು ಕಂಡು ದಬಾಯಿಸಿಬಿಡಬೇಕು — ನೋಡ್ತಿದೀನಿ ಅಕ್ಕ, ಸ್ವಲ್ಪ ತಾಳು, ಎನ್ನುತ್ತಾಳೆ ತಂಗಿ, ಅವಳ ಕಸುಬೇ ಇದು, ಬರೆದು ಹಾಕಿದ ಮಾತ್ರಕ್ಕೆ ಪೋಸ್ಟು ಯಾರಿಗೂ ಸಿಗುವುದಿಲ್ಲ ಎಂಬುದರ ಮೇಲೆಯೇ ಅವಳ ಅನ್ನ ನಿಂತಿದೆ, ಹುಡುಕುವ ಯಂತ್ರ ಬಂದು ಓದಬೇಕು, ಓದಿ ತನ್ನ ಇಂಡೆಕ್ಸಿಗೆ ಸೇರಿಸಿಕೊಳ್ಳಬೇಕು, ಸೇರಿಸಿಕೊಳ್ಳದಿದ್ದರೆ ಆ ಪೋಸ್ಟು ಇದ್ದೂ ಇಲ್ಲ, ಹಲ್ಲಿನ ಡಾಕ್ಟರದ್ದು, ಟೈಲ್ಸ್ ಅಂಗಡಿಯವರದು, ಹಳೇ ಕಾರು ಮಾರುವವರದು, ಒಂದೊಂದೇ ಪೋಸ್ಟಿನ ವಿಳಾಸ ಹಾಕಿ ಬನ್ನಿ ಸ್ವಾಮಿ ನೋಡಿ ಎಂದು ಗುಂಡಿ ಒತ್ತಬೇಕು, ನೋಡಿದ್ದೇವೆ ಸದ್ಯಕ್ಕೆ ಸೇರಿಸಿಲ್ಲ ಎಂದು ಉತ್ತರ ಬಂದರೆ ತಲೆಬರಹ ತಿದ್ದಿ, ಬೇರೆ ಪುಟಗಳಿಂದ ಕೊಂಡಿ ಹಾಕಿ, ಮತ್ತೆ ಒತ್ತಬೇಕು, ಆಫೀಸಿನಲ್ಲಿ ಅವಳ ಕೈಗುಣ ದೊಡ್ಡ ಮಾತು — ಇವರು ಒತ್ತಿದ್ರೆ ಸಾಕು ಸಾರ್, ಬೆಳಿಗ್ಗೆ ಹೊತ್ತಿಗೆ ಇಂಡೆಕ್ಸ್ ಆಗಿರುತ್ತೆ, ಎನ್ನುತ್ತಾನೆ ಪಕ್ಕದ ಮೇಜಿನವನು ಗಿರಾಕಿಗಳಿಗೆ — ಹಳೇ ಕಾರಿನ ಹೆಡ್‌ಲೈಟು ಒರೆಸುವುದು ಹೇಗೆ ಎಂಬ ಪೋಸ್ಟಿಗೆ ಜಗತ್ತಿನಲ್ಲಿ ಜಾಗವಿದೆ, ಅಕ್ಕನ ಒಂದಕ್ಕೂ ಇಲ್ಲ. ಮೂರು ವರ್ಷವಾಯಿತು. ಬಿಡದೆ ಬರೆಯುತ್ತಾಳೆ, ಮಗಳು ಮನೆ ಬಿಟ್ಟ ಮೇಲೆ ಶುರುಮಾಡಿದ್ದು, ಎಲ್ಲಿದಾಳೋ ಏನೋ, ನಂಬರ್ರೂ ಬದಲಾಯಿಸಿದಾಳೆ, ಆದ್ರೆ ನನ್ನ ಮಗಳು ನಂಗೆ ಗೊತ್ತಿಲ್ವಾ, ಎಂದಿದ್ದಳು ಇದೇ ಕುರ್ಚಿಯಲ್ಲಿ ಕೂತು, ಅವಳು ಬಾಯಿಬಿಟ್ಟು ಯಾರನ್ನೂ ಕೇಳೋಳಲ್ಲ, ಮೊದ್ಲು ಫೋನಲ್ಲಿ ಹುಡುಕ್ತಾಳೆ, ಅಂಗಿಗೆ ತುಕ್ಕು ಹತ್ತಿದ್ರೂ ಹುಡುಕ್ತಾಳೆ, ಹೊಟ್ಟೆ ನೋವು ಬಂದ್ರೂ ಹುಡುಕ್ತಾಳೆ, ಹಾಗೆ ಹುಡುಕಿದಾಗ ನಂದು ಒಂದು ಸಿಕ್ಕಿಬಿಟ್ರೆ ಸಾಕು ಕಣೆ, ಒಂದು ಸಾಲು ಓದಿದ್ರೆ ಅಮ್ಮ ಅಂತ ಗೊತ್ತಾಗುತ್ತೆ ಅವಳಿಗೆ. ಗೊತ್ತಾಗದೆ ಏನು, ಹಾಸ್ಟೆಲಿನ ನೋಟೀಸ್ ಬೋರ್ಡನ್ನು ಕಿತ್ತು ತಂದು ಹಾಕಿದಂತಿದೆ, ಗಮನಿಸಿ, ತುಕ್ಕು ಹತ್ತಿದ ಬಟ್ಟೆಯನ್ನು ಬಿಸಿನೀರಿಗೆ ಹಾಕತಕ್ಕದ್ದಲ್ಲ, ಗಮನಿಸಿ, ಜಿಪ್ಪು ಸಿಕ್ಕಿಕೊಂಡಲ್ಲಿ ಎಳೆದಾಡತಕ್ಕದ್ದಲ್ಲ, ಪೆನ್ಸಿಲಿನ ಮೊನೆಯನ್ನು ಅದರ ಹಲ್ಲುಗಳಿಗೆ ಉಜ್ಜತಕ್ಕದ್ದು, ಹೀಗೇ ಒಂದರ ಹಿಂದೊಂದು, ಪ್ರತಿಯೊಂದರ ಕೊನೆಗೂ ಸಂಬಂಧವೇ ಇಲ್ಲದ ಅದೇ ಒಂದು ಸಾಲು — ಊಟ ಮಾಡದೆ ಮಲಗತಕ್ಕದ್ದಲ್ಲ. ಆ ಸಾಲು ಯಾಕೆ ಅಕ್ಕ, ಜಿಪ್ಪಿಗೂ ಊಟಕ್ಕೂ ಏನು, ಎಂದು ತಂಗಿ ಒಮ್ಮೆ ಕೇಳಿದ್ದಳು. ಇರ್ಲಿ ಬಿಡು, ನಿಂಗೇನು ಗೊತ್ತು ಮಕ್ಕಳ ವಿಷಯ, ಎಂದಿದ್ದಳು ಅಕ್ಕ.

ನಿಂಗೇನು ಗೊತ್ತು. ಅಮ್ಮ ಸತ್ತಾಗ ಯಾವ ಸೀರೆ ಹೊದಿಸಬೇಕು ಎಂಬಲ್ಲಿಂದ ಹಿಡಿದು ಉಪ್ಪು ಎಷ್ಟು ಎಂಬಲ್ಲಿಯವರೆಗೆ ಅದೇ ಮಾತು, ತಂಗಿಯನ್ನು ನೋಡಲು ಬಂದ ಆ ಬ್ಯಾಂಕಿನವನನ್ನೂ ಅಕ್ಕನೇ ಬೇಡವೆಂದು ಕಳಿಸಿದ್ದು, ಅವನ ಕಣ್ಣು ಸರಿಯಿಲ್ಲ, ನಿಂಗೇನು ಗೊತ್ತು ಸುಮ್ನಿರು, ಸುಮ್ಮನಿದ್ದಳು, ಇದ್ದೇ ಇದ್ದಳು, ಆಮೇಲೆ ನೋಡಲು ಯಾರೂ ಬರಲಿಲ್ಲ — ಅಕ್ಕನ ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಎತ್ತಿಕೊಳ್ಳಲು ಹೋದರೂ ಅದೇ, ಕೊಡು ಇಲ್ಲಿ, ಕತ್ತು ಹಿಡಿಯೋಕೆ ಬರಲ್ಲ ನಿಂಗೆ, ಎಂದು ಕಿತ್ತುಕೊಂಡು ಈ ಕೈಯ ಮೇಲೆ, ಇದೇ ಮುಂಗೈ, ಬೋರಲು ಮಲಗಿಸಿಕೊಂಡಿದ್ದಳು, ಮಗುವಿನ ಕೆನ್ನೆ ಮೊಣಕೈಯ ಗುಳಿಯಲ್ಲಿ, ಕಾಲು ಎರಡು ಕಡೆ ಜೋತುಬಿದ್ದು, ಕೀಚ್ ಕೀಚ್ ಎಂದು ಇಲಿಮರಿಯ ಹಾಗೆ ಅಳುತ್ತಿದ್ದದ್ದು ಥಟ್ಟನೆ ನಿಂತಿತು, ಕೀಚು ಎಂದೇ ಹೆಸರು ಬಿತ್ತು, ಶಾಲೆಯ ಹೆಸರು ಶಾಲೆಗಷ್ಟೇ. ಅದೇ ಕೈ ಆಮೇಲೆ ಬಾಗಿಲು ತೋರಿಸಿತು. ಕೀಚು ಒಮ್ಮೆ ಮದುವೆಯಾಗಿ ಮುರಿದುಕೊಂಡವನನ್ನು ಕಟ್ಟಿಕೊಳ್ಳುತ್ತೇನೆ ಎಂದ ದಿನ, ಬ್ಯಾಗು ಹೆಗಲಿಗಿದ್ದ ಹಾಗೇ ನಿಂತಿದ್ದಳು ಹುಡುಗಿ, ಅಮ್ಮ ಒಂದು ಸಲ ಅವನ್ನ ನೋಡಾದ್ರೂ ನೋಡು, ಎಂದಳು, ಅಕ್ಕ ಕೈ ಉದ್ದಕ್ಕೆ ಚಾಚಿ, ಆ ಬಾಗಿಲು ದಾಟಿದ್ಯೋ ನನ್ನ ಪಾಲಿಗೆ ನೀನು ಸತ್ತ ಹಾಗೆ, ಎಂದಳು, ಕೀಚು ದಾಟಿದಳು, ಅಕ್ಕ ಹಾಸ್ಟೆಲಿನ ಗೇಟಿಗೆ ಹಾಕುವ ಹಾಗೆ ಚಿಲಕ ಹಾಕಿ ಅನ್ನಕ್ಕೆ ಇಟ್ಟಳು, ಮೂವರಿಗಾಗುವಷ್ಟೇ ಇಟ್ಟಳು, ಭಾವ ತೀರಿಕೊಂಡು ಆಗಲೇ ಎಷ್ಟೋ ಕಾಲವಾಗಿತ್ತು, ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು, ನೋಡುತ್ತಿದ್ದಳು ಅಷ್ಟೇ ಅಲ್ಲ, ಒಳಗೆಲ್ಲೋ ಹಾಯೆನಿಸಿತ್ತು, ಜನ್ಮದಲ್ಲಿ ಮೊದಲ ಬಾರಿಗೆ ಅಕ್ಕನಿಗೆ ಏನೋ ಗೊತ್ತಾಗಲಿಲ್ಲವಲ್ಲ ಎಂದು.

ಆಮೇಲೆ ಕೀಚು ಫೋನ್ ಮಾಡಿದ್ದು ತಂಗಿಗೆ, ಚಿಕ್ಕಮ್ಮ ನಾನು, ಅಮ್ಮಂಗೆ ಹೇಳಿದ್ರೆ ನಿನ್ನ ಜೊತೇನೂ ಮಾತಿಲ್ಲ ನೋಡು, ಹೇಳಲ್ಲ ಕಂದಾ ಎಂದವಳೇ ನಂಬರನ್ನು ಪ್ಲಂಬರ್ ಎಂದು ಸೇವ್ ಮಾಡಿಕೊಂಡಳು, ಆಗ ನಲ್ಲಿ ಸೋರುತ್ತಿತ್ತು, ಹೊಳೆದದ್ದು ಅದೇ, ಈಗ ಆ ಸುಳ್ಳಿಗೋಸ್ಕರ ನಲ್ಲಿಯನ್ನು ಸೋರಲು ಬಿಟ್ಟಿದ್ದಾಳೆ. ಅಲ್ಲಿಯವರೆಗೆ ಪಾಪವಿಲ್ಲ, ಹುಡುಗಿಗೆ ಕೊಟ್ಟ ಮಾತು, ಯಾರೂ ತಪ್ಪೆನ್ನುವುದಿಲ್ಲ — ಟಿಕ್ಕಿನ ವಿಷಯ ಬೇರೆ. ಹೊಸ ಸೈಟು ಕಟ್ಟುವಾಗ ಅರೆಬೆಂದದ್ದು ಹೊರಗೆ ಕಾಣದಿರಲಿ ಎಂದು ಸೆಟ್ಟಿಂಗ್ಸಿನಲ್ಲಿ ಒಂದು ಟಿಕ್ ಹಾಕಿರುತ್ತಾರೆ, ಹುಡುಕುವವರು ಈ ಸೈಟನ್ನು ಸೇರಿಸಿಕೊಳ್ಳುವುದು ಬೇಡ ಎಂದು ಅದರ ಅರ್ಥ, ಕೆಲಸ ಮುಗಿದ ಮೇಲೆ ತೆಗೆಯಬೇಕು, ಈ ಕಸುಬಿನವರೆಲ್ಲ ಒಮ್ಮೆಯಾದರೂ ತೆಗೆಯಲು ಮರೆತು ಬೈಸಿಕೊಂಡವರೇ, ಅವಳೂ ಮರೆತಳು, ದೇವರಾಣೆ ಮರೆತೇ ಇದ್ದಳು, ಅಕ್ಕನ ಬ್ಲಾಗು ಕಟ್ಟಿಕೊಟ್ಟು ಎಷ್ಟೋ ತಿಂಗಳು ಇದ್ಯಾಕೆ ಸೇರುತ್ತಿಲ್ಲ ಎಂದು ತಲೆ ಕೆರೆದುಕೊಂಡು, ಒಂದು ಸಂಜೆ ಆಫೀಸಿನಿಂದ ಬಂದವಳು ಸೆಟ್ಟಿಂಗ್ಸ್ ತೆಗೆದು ನೋಡಿದರೆ ಆ ಚೌಕದೊಳಗೆ ಟಿಕ್ಕು ಕೂತಿದೆ, ಅಯ್ಯೋ ನನ್ನ ಬುದ್ಧಿಗಿಷ್ಟು ಎಂದು ನಕ್ಕೂಬಿಟ್ಟಳು, ಮೌಸಿನ ಬಾಣವನ್ನು ಅದರ ಮೇಲೆ ತಂದು ಇನ್ನೇನು ಒತ್ತಬೇಕು, ಫೋನು, ಪ್ಲಂಬರ್. ಚಿಕ್ಕಮ್ಮ, ಬಿಳಿ ಅಂಗಿಗೆ ತುಕ್ಕು ಹತ್ತಿದೆ, ನಾಳೆ ಅವರಿಗೆ ಅದೇ ಬೇಕು, ನೆಟ್ಟಲ್ಲಿ ಹುಡುಕಿ ಹುಡುಕಿ ಸಾಕಾಯ್ತು, ಬರೀ ಸೋಪಿನ ಜಾಹೀರಾತು, ಒಂದೂ ಉಪಯೋಗ ಇಲ್ಲ — ಪಕ್ಕದ ಟ್ಯಾಬಿನಲ್ಲಿ ಅಕ್ಕನ ಪೋಸ್ಟು ತೆರೆದೇ ಇತ್ತು, ಗಮನಿಸಿ ಎಂಬುದನ್ನು ಬಿಟ್ಟು, ತಕ್ಕದ್ದು ತಕ್ಕದ್ದಲ್ಲಗಳನ್ನು ಬಿಡಿಸಿ, ಬಿಸಿನೀರಿಗೆ ಹಾಕಬೇಡ ಕಣೆ, ಉಪ್ಪು ನಿಂಬೆರಸ ಸವರಿ ಬಿಸಿಲಿಗಿಡು, ಎಂದು ಓದಿದಳು, ಕೊನೆಯ ಸಾಲು ಮಾತ್ರ ಓದಲಿಲ್ಲ. ಚಿಕ್ಕಮ್ಮ ನಿಂಗೆ ಎಷ್ಟೊಂದು ಗೊತ್ತು, ಎಂದಿತು ಹುಡುಗಿ. ಬಾಣ ಟಿಕ್ಕಿನ ಮೇಲೆಯೇ ಇತ್ತು. ಕೈ ಮೌಸಿನಿಂದ ತಾನಾಗಿ ಎದ್ದು ಬಂದು ಮಡಿಲಲ್ಲಿ ಕೂತಿತು, ನಾಳೆ ತೆಗೆದರಾಯಿತು, ಒಂದು ಜಿಪ್ಪು ಆಗಲಿ, ಒಲೆಗೆ ಉಕ್ಕಿದ ಹಾಲು ಆಗಲಿ, ಕೀಚು ಹುಡುಕುತ್ತಾಳೆ, ಸಿಗುವುದಿಲ್ಲ, ಚಿಕ್ಕಮ್ಮನಿಗೆ ಫೋನು, ಸಿಕ್ಕಿದರೆ ಯಾಕೆ ಮಾಡುತ್ತಾಳೆ, ಎಷ್ಟೊಂದು ಗೊತ್ತು ನಿಂಗೆ ಚಿಕ್ಕಮ್ಮ, ಎಷ್ಟೊಂದು ಗೊತ್ತು — ಅಕ್ಕ ಬರೆಯುವುದು, ತಂಗಿ ಓದುವುದು, ಹುಡುಗಿ ಕೇಳುವುದು, ಒಂದು ಸಂಸಾರವೇ ನಡೆಯುತ್ತಿದೆ ಈ ಫೋನಿನಲ್ಲಿ, ಒಬ್ಬಳಿಗೆ ಗೊತ್ತಿಲ್ಲ ಅಷ್ಟೆ. ಕಳೆದ ತಿಂಗಳು ಕೀಚುಗೆ ಮಗಳು ಹುಟ್ಟಿದಳು. ಆಸ್ಪತ್ರೆಯಿಂದಲೇ ಫೋನು, ದನಿ ಸೊರಗಿತ್ತು, ಚಿಕ್ಕಮ್ಮ, ಅಮ್ಮ ನನ್ನ ವಿಷಯ ಏನಾದ್ರೂ ಕೇಳ್ತಾಳಾ, ಯಾವತ್ತಾದ್ರೂ, ಸುಮ್ನೆ ಕೇಳ್ದೆ. ಆವತ್ತು ಮಾತು ಕೊಟ್ಟಿದ್ದೇನೆ ಎಂಬ ನೆಪವೂ ಇರಲಿಲ್ಲ, ಹುಡುಗಿಯೇ ಬಾಗಿಲು ತೆರೆದು ನಿಂತಿದ್ದಳು. ಇಲ್ಲ ಕಣೆ, ಎಂದಳು ತಂಗಿ, ನಿನ್ನ ಹೆಸರೆತ್ತೋ ಹಾಗಿಲ್ಲ ಅವಳ ಮುಂದೆ. ಸರಿ ಬಿಡು, ಎಂದಳು ಕೀಚು.

ಎಳೆಗೂಸು ಎಡೆಬಿಡದೆ ಅಳುವಾಗ — ಇದು ಇವತ್ತಿನ ಪೋಸ್ಟು, ಅಕ್ಕ ಹಾಸ್ಟೆಲಿನಲ್ಲೇ ಬರೆದು ತಂದಿದ್ದಾಳೆ, ತಲೆಬರಹ ನೋಡಿದವಳೇ ತಂಗಿ ಕೇಳಿದಳು, ಇದ್ಯಾಕೆ ಅಕ್ಕ, ಕೂಸಿನ ವಿಷಯ ಈಗ್ಯಾಕೆ — ಯಾಕೆ ಅಂದ್ರೆ, ಅವಳ ವಯಸ್ಸಿಗೆ ನಂಗೆ ಅವಳಿದ್ದಳು, ಅದಕ್ಕೆ, ಇದ್ರೂ ಇರಬಹುದು, ಇಲ್ದೆ ಇದ್ರೆ ಮುಂದೆ ಬೇಕಾಗುತ್ತೆ, ಮೊದ್ಲೇ ಹೋಗಿ ಕಾಯ್ತಾ ಇರ್ಲಿ ಪೋಸ್ಟು — ಮೊದಲೇ ಹೋಗಿ ಕಾಯುತ್ತಿರಲಿ, ಎಲ್ಲಿ ಹೋಗಿ ಕಾಯುವುದು, ಬಾಗಿಲು ದಾಟಿದರೆ ತಾನೇ. ಇವತ್ತು ಎಲ್ಲಾ ನಂಗೇ ತೋರ್ಸು, ಎಲ್ಲಿ ಎಡವಟ್ಟಾಗ್ತಿದೆ ನಾನೇ ನೋಡ್ತೀನಿ, ಎಂದು ಅಕ್ಕ ಕುರ್ಚಿ ಎಳೆದುಕೊಂಡು ಹತ್ತಿರ ಬರುತ್ತಾಳೆ, ಫಿನಾಯಿಲಿನ ವಾಸನೆ, ಸೊಂಟದಲ್ಲಿ ಬೀಗದ ಕೈಗಳ ಸದ್ದು, ತಂಗಿ ಒಂದೊಂದೇ ಪುಟ ತೆರೆಯುತ್ತಾಳೆ, ಬೇಕೆಂದೇ ಸೆಟ್ಟಿಂಗ್ಸನ್ನೂ ತೆರೆಯುತ್ತಾಳೆ, ಯಾಕೆ ತೆರೆದಳೋ, ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುವ ಹಾಗೆ — ಅದೇನದು ಟಿಕ್ಕು. ಅಕ್ಕನ ಬೆರಳು ಸರಿಯಾಗಿ ಅದರ ಮೇಲೆ, ಗಾಜಿನ ಮೇಲೆ ಬೆವರಿನ ಗುರುತು. ಕನ್ನಡಕ ಬಿಟ್ಟುಬಂದೆ, ಅಕ್ಷರ ಎಲ್ಲಾ ಇರುವೆ ಸಾಲು, ಟಿಕ್ಕು ಮಾತ್ರ ಕಾಣ್ತಿದೆ, ಏನದು — ಅದಾ, ಅದು ಕಂಡೋರೆಲ್ಲ ಒಳಗೆ ನುಗ್ಗದೇ ಇರ್ಲಿ ಅಂತ. ಓ, ಗೇಟಿಗೆ ಚಿಲಕ ಇದ್ದ ಹಾಗೆ. ಹೂಂ ಅಕ್ಕ. ಹಾಗಾದ್ರೆ ಇರ್ಲಿ, ಅದನ್ನ ಮುಟ್ಟಬೇಡ, ಎಂದಳು ಅಕ್ಕ, ಅಪ್ಪಣೆ ಕೊಟ್ಟು ಅಭ್ಯಾಸವಾದವಳು, ಎಂದವಳೇ ನಲ್ಲಿಯ ಕೆಳಗೆ ಪಾತ್ರೆಯಾದರೂ ಇಡುತ್ತೇನೆ ಎಂದು ಅಡುಗೆಮನೆಗೆ ಎದ್ದು ಹೋದಳು, ನಗು ಬಂತು ತಂಗಿಗೆ, ನಗುವೇ ಬಂತು, ಬಾಯಿಗೆ ಸೆರಗು ಒತ್ತಿಕೊಳ್ಳಬೇಕಾಯಿತು.

ಫೋನು ಅಡುಗೆಮನೆಯಲ್ಲಿ ಚಾರ್ಜಿಗಿತ್ತು. ಅದು ಬಡಿದುಕೊಳ್ಳತೊಡಗಿದಾಗ ಅರ್ಧ ಕ್ಷಣ ಬೇರೆ ಯಾರದೋ ಮನೆಯ ಫೋನು ಎನಿಸಿತು, ಮರುಕ್ಷಣ ಕಾಲು ತಾವಾಗಿ ಎದ್ದವು, ಅಷ್ಟರಲ್ಲಿ ಅಕ್ಕ ಅದನ್ನು ಕಿತ್ತು ಕೈಯುದ್ದ ದೂರ ಹಿಡಿದು ಓದಿಯಾಗಿದೆ — ನೋಡು, ನೆನೆಸಿಕೊಂಡೆ, ಬಂದ ನಿನ್ನ ಪ್ಲಂಬರ್, ಇರು ನಾನೇ ನಾಲ್ಕು ಮಾತಾಡ್ತೀನಿ — ಬೇಡ, ಕೊಡು ಅಕ್ಕ, ಕೊಡು ಇಲ್ಲಿ, ಕೊಡು — ಅಕ್ಕನ ಹೆಬ್ಬೆರಳು ಹಸಿರು ಗುಂಡಿಯ ಮೇಲೆ ಇದ್ದ ಹಾಗೇ ತಂಗಿ ಕಸಿದುಕೊಂಡಳು, ಉಗುರು ಅಕ್ಕನ ಮಣಿಕಟ್ಟಿಗೆ ಗೀರಿತು, ಫೋನು ಹೇಗೋ ಎತ್ತಿಕೊಂಡುಬಿಟ್ಟಿತ್ತು, ಅಡುಗೆಮನೆಯ ತುಂಬ ಮಗುವಿನ ಅಳು. ಕೀಚ್ ಕೀಚ್ ಕೀಚ್. ಅದೇ ಅಳು, ಆಸ್ಪತ್ರೆಯ ಅದೇ ಅಳು. ಚಿಕ್ಕಮ್ಮಾ, ಎಂದು ಆ ಅಳುವಿನ ಅಡಿಯಿಂದ ಕೀಚುವಿನ ದನಿ ಕಿವಿಗಷ್ಟೇ, ಬೆಳಗ್ಗೆಯಿಂದ ಹೀಗೇ, ಹಾಲೂ ಹಿಡೀತಿಲ್ಲ, ಅವರೂ ಊರಲ್ಲಿಲ್ಲ, ನೆಟ್ಟಲ್ಲಿ ಎಲ್ಲಾ ನೋಡ್ದೆ, ನಂಗೆ ಏನೂ ತೋಚ್ತಿಲ್ಲ, ನಾನೇ ಅಳೋ ಹಾಗಾಗಿದೆ — ಹಾಂ, ಹೇಳಿ, ಎನ್ನುತ್ತಾಳೆ ತಂಗಿ, ಹೇಳಿ ಹೇಳಿ, ಕೇಳ್ತಿದೆ, ಅಂಗೈಯಿಂದ ಫೋನಿನ ಬಾಯಿ ಮುಚ್ಚಿ ಅಕ್ಕನ ಕಡೆ ತಿರುಗಿದರೆ ಅಕ್ಕನ ಮುಖವೇ ಬೇರೆಯಾಗಿತ್ತು, ಪ್ಲಂಬರ್ ಮನೇಲಿ ಎಳೇ ಮಗು ಇದೆಯಾ. ಹೂಂ. ಗಂಡೋ ಹೆಣ್ಣೋ. ಹೆಣ್ಣು. ಎಷ್ಟು ದಿನದ್ದು. ತಿಂಗಳಾಯ್ತು ಅಷ್ಟೆ. ಮೊದಲನೇದಾ. ಹೂಂ ಅಕ್ಕ. ನಮ್ಮ ಕೀಚು ಹೀಗೇ ಅಳ್ತಿದ್ದಳು ಕಣೆ, ತದ್ವತ್ ಹೀಗೇ, ಅದು ಹೊಟ್ಟೇಲಿ ಗಾಳಿ ಸಿಕ್ಕಿಹಾಕ್ಕೊಂಡಿರೋ ಅಳು, ಹೇಳು ಅವನ ಹೆಂಡ್ತಿಗೆ, ಮಗೂನ ಮುಂಗೈ ಮೇಲೆ ಬೋರಲು ಹಾಕ್ಕೋಬೇಕು, ಹೀಗೆ, ನೋಡು — ಅಕ್ಕ ಕೈ ಚಾಚಿದಳು, ಅಂಗೈ ಮೇಲು ಮಾಡಿ, ಮಣಿಕಟ್ಟಿನಲ್ಲಿ ಉಗುರಿನ ಗೀರು ಕೆಂಪಗೆ — ಕೆನ್ನೆ ಇಲ್ಲಿ ಬರಬೇಕು, ಮೊಣಕೈ ಹತ್ರ, ಮುಖ ಪಕ್ಕಕ್ಕೆ, ಮೂಗು ಒತ್ತಬಾರ್ದು, ಇನ್ನೊಂದು ಕೈಲಿ ಬೆನ್ನು ಸವರ್ತಾ ಮೆಲ್ಲಗೆ ಓಡಾಡಬೇಕು. ತಂಗಿ ಬಾಯಿ ಮುಚ್ಚಿದ್ದ ಅಂಗೈ ತೆಗೆದು ಹೇಳಿದಳು, ಮಗೂನ ಮುಂಗೈ ಮೇಲೆ ಬೋರಲು ಹಾಕ್ಕೊಳ್ಳಿ, ಕೆನ್ನೆ ಮೊಣಕೈ ಹತ್ರ. ಒಂದೊಂದು ಮಾತನ್ನೂ ಅಕ್ಕನ ಬಾಯಿಂದ ಎತ್ತಿ ಆ ಬಾಯಿಗೆ ಇಟ್ಟಳು, ಯಾರೋ ಇದಾರಾ ಚಿಕ್ಕಮ್ಮ ಅಲ್ಲಿ, ಇವತ್ತು ಹೇಳಿ ಮಾಡಿ ಅಂತಿದೀಯಲ್ಲ, ಎಂದಳು ಕೀಚು, ಯಾರೋ ಮಾತಾಡಿದ ಹಾಗಿತ್ತು, ಇಲ್ಲಪ್ಪ ಟಿವಿ, ಎಂದಳು ತಂಗಿ ಗೋಡೆಗೆ ಮುಖ ಮಾಡಿ ಉಸಿರಿನಲ್ಲೇ. ಅಳು ತಗ್ಗಿತು. ಬಿಕ್ಕಿತು. ನಿಂತಿತು. ಪುಟ್ಟದೊಂದು ತೇಗು ಕೇಳಿಸಿತು, ಅಕ್ಕನಿಗೂ ಕೇಳಿಸಿತು, ಅಕ್ಕನಿಗೆ ಕೇಳಿಸದ್ದು ಯಾವುದಿದೆ. ಚಿಕ್ಕಮ್ಮ, ಎಂದಳು ಕೀಚು ಅಳುವಿಗೂ ನಗುವಿಗೂ ನಡುವಿನ ದನಿಯಲ್ಲಿ, ನೀನಿಲ್ದೆ ಇದ್ರೆ ನಾನು ಏನಾಗ್ತಿದ್ದೆ. ಆಯ್ತು ಇಡ್ತೀನಿ, ನಾಳೆ ಬಂದು ನಲ್ಲಿ ನೋಡಿ, ಎಂದಳು ತಂಗಿ.

ನಿಂತಿತಲ್ಲ, ನಾ ಹೇಳಿಲ್ವಾ, ಎಂದು ಅಕ್ಕ ನಗುತ್ತಿದ್ದಾಳೆ, ಎಷ್ಟು ವರ್ಷವಾಗಿತ್ತು ಅಕ್ಕ ಹೀಗೆ ನಕ್ಕು, ಪಾಪ ಆ ಹುಡುಗಿಗೆ ಹೇಳಿಕೊಡೋರು ಯಾರೂ ಇಲ್ವಾ, ತಾಯಿ ಇಲ್ವಾ ಅವಳಿಗೆ — ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು, ನಾಲಿಗೆ ತುದಿಗೆ ಬಂದೂ ಇತ್ತು, ಯಾಕೆ ಹಾಗೆ ಹೇಳಿದಳೋ, ಎಷ್ಟೊಂದು ಗೊತ್ತು ಎಂಬ ಮಾತಿನ ಬಿಸಿ ಕಿವಿಯಲ್ಲಿ ಇನ್ನೂ ಇತ್ತಲ್ಲ ಅದಕ್ಕೋ, ನಿಂಗೇನು ಗೊತ್ತು ಎಂಬುದರ ಬಾಕಿ ಇನ್ನೂ ತೀರಿರಲಿಲ್ಲವೋ — ಇದಾಳೆ ಅಕ್ಕ, ಮಗಳ ಜೊತೆ ಮಾತಿಲ್ಲ, ಎಂದಳು. ಎಂಥಾ ತಾಯಿಯೇ ಅವಳು, ಎಂದಳು ಅಕ್ಕ. ಬಾಣಂತಿ ಮಗಳನ್ನ ಒಬ್ಬಳೇ ಬಿಟ್ಟು ಕೂತಿದಾಳಲ್ಲ, ಅನ್ನ ಹೇಗೆ ಇಳಿಯುತ್ತೆ ಗಂಟಲಲ್ಲಿ. ಎಂದು ನಿಲ್ಲಿಸಿದಳು. ನಲ್ಲಿ ಪಾತ್ರೆಯೊಳಗೆ ಒಂದು ಹನಿ ಹಾಕಿತು. ತಂಗಿ ಕಾದಳು, ಈಗ ಅಳುತ್ತಾಳೆ, ಈಗ ಬೀಳುತ್ತಾಳೆ, ಬಿದ್ದರೆ ಹಿಡಿದುಕೊಂಡು ಹೇಳಿಬಿಡುತ್ತೇನೆ, ಎಲ್ಲ ಹೇಳಿಬಿಡುತ್ತೇನೆ, ಅಕ್ಕ ಬೀಳಲಿಲ್ಲ, ನನ್ನ ಪೋಸ್ಟನ್ನ ಆ ಪ್ಲಂಬರ್ ಹೆಂಡ್ತಿಗಾದ್ರೂ ಕಳಿಸು, ಎಂದಳು, ಯಾರಾದ್ರೂ ಒಬ್ಬರು ಓದ್ಲಿ. ಆಯ್ತು ಅಕ್ಕ. ಆಮೇಲೆ ಅವರಿಗೂ ಒತ್ತು, ಇದೊಂದನ್ನಾದ್ರೂ ಸೇರಿಸ್ಕೊಳ್ಳಿ ಅಂತ. ಆಯ್ತು. ತಂಗಿ ಬಂದು ಲ್ಯಾಪ್‌ಟಾಪಿನ ಮುಂದೆ ಕೂರುತ್ತಾಳೆ, ಸೆಟ್ಟಿಂಗ್ಸಿನ ಪುಟ ಹಾಗೇ ಇದೆ, ಟಿಕ್ಕಿನ ಸುತ್ತ ಅಕ್ಕನ ಬೆರಳಿನ ಗುರುತು, ಒಂದು ಸಲ ಒತ್ತಿದರೆ ಹೋಗುತ್ತದೆ, ಬೆಳಿಗ್ಗೆ ಹೊತ್ತಿಗೆ ಇಂಡೆಕ್ಸ್, ಕೈಗುಣ, ಆಮೇಲೆ ಪ್ಲಂಬರ್ ಫೋನ್ ಮಾಡುವುದಿಲ್ಲ, ನಲ್ಲಿ ರಿಪೇರಿ ಮಾಡಿಸಬಹುದು, ಮನೆ ಎಷ್ಟು ಸದ್ದಿಲ್ಲದೆ ಇರುತ್ತದೆ ಆಗ — ಪುಟವನ್ನು ಮುಚ್ಚುತ್ತಾಳೆ, ಪೋಸ್ಟಿನ ವಿಳಾಸ ಹಾಕಿ ಕೋರಿಕೆಯ ಗುಂಡಿಯನ್ನು ಒತ್ತುತ್ತಾಳೆ, ಚಕ್ರ ತಿರುಗುತ್ತದೆ, ಏನು ಉತ್ತರ ಬರುತ್ತದೆ ಎಂದು ಗೊತ್ತೇ ಇದೆ, ಒತ್ತಿದೆ ಅಕ್ಕ, ಎನ್ನುತ್ತಾಳೆ, ನೋಡೋಣ, ಎಂದು ಹಿಂತಿರುಗಿದರೆ ಅಕ್ಕ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಾಳೆ, ಆ ಕೈ ಇನ್ನೂ ಇಳಿದಿಲ್ಲ, ಅಂಗೈ ಮೇಲಾಗಿ, ಮೊಣಕೈ ಸ್ವಲ್ಪ ಮಡಿಸಿ, ಕೆನ್ನೆ ಬರುವ ಕಡೆ ಗುಳಿ ಬಿಟ್ಟು, ಮಣಿಕಟ್ಟಿನಲ್ಲಿ ಗೀರು, ಇನ್ನೊಂದು ಕೈ ಅದರ ಮೇಲೆ ಒಂದು ಗೇಣು ಎತ್ತರದಲ್ಲಿ ಮೆಲ್ಲಗೆ ಹಿಂದೆ ಮುಂದೆ, ಹಿಂದೆ ಮುಂದೆ, ಗಾಳಿಯನ್ನು ಸವರುತ್ತ, ಆ ಕೈ, ಮೇಲೆ ಏನೂ ಇಲ್ಲದ ಆ ಕೈ, ಇಳಿಸು ಅಕ್ಕ, ಆ ಕೈ